ಮುಕ್ಕಾಲು ಲೀಟರ್ ಆಯಿಲ್

ಒಂಬತ್ತು ವರ್ಷ ತುಂಬುವವರೆಗೂ ನನ್ನ ಸೋದರಮಾವ ಮತಾಯೊ ಡಾಕ್ಟರೆಂದೇ ನಾನು ನಂಬಿದ್ದೆ. ನಂಬುವುದಕ್ಕೆ ಕಾರಣವಿತ್ತು. ನಾನು ಹುಟ್ಟಿದ್ದು ಮಾನಿಹಿಕಿ ಎಂಬ ಪುಟ್ಟ ದ್ವೀಪದಲ್ಲಿ. ದೋಣಿ ಬಿಟ್ಟು ಬೇರೆ ವಾಹನ ಕಂಡವನಲ್ಲ. ಓದಲಿಕ್ಕೆಂದು ದೊಡ್ಡ ದ್ವೀಪವಾದ ರಾರೊಟೊಂಗಾಕ್ಕೆ ಬಂದು ಮಾವನ ಮನೆ ಸೇರಿದಾಗ, ಶನಿವಾರ ಬಂತೆಂದರೆ ತಿತಿಕಾವೇಕಾದ ಅರ್ಧ ಊರು ಬೈಕು ತಳ್ಳಿಕೊಂಡು ನಮ್ಮ ಅಂಗಳಕ್ಕೆ ಬರುತ್ತಿತ್ತು. ಒಬ್ಬ ಕೆಮ್ಮುತ್ತೆ ಅನ್ನುತ್ತಿದ್ದ, ಇನ್ನೊಬ್ಬಳು ಬೆಳಿಗ್ಗೆ ಏಳುವುದೇ ಇಲ್ಲ ಅನ್ನುತ್ತಿದ್ದಳು. ಮಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಅದರ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಕೇಳಿಸಿಕೊಂಡು, ಇಂಥದ್ದೇ ರೋಗ ಎಂದು ಹೇಳುತ್ತಿದ್ದ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಜನ ಬಾಳೆಗೊನೆಯನ್ನೋ ಮೀನನ್ನೋ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಡಾಕ್ಟರೆಂದರೆ ಇನ್ನೇನು?

ನಮ್ಮ ಟೀಚರಿಗೆ ಉಬ್ಬಸವಿತ್ತು. ಒಂದು ದಿನ ಪಾಠದ ನಡುವೆ ಅವರು ಕೆಮ್ಮಿ ಕೆಮ್ಮಿ ಕುರ್ಚಿಯಲ್ಲಿ ಕುಸಿದಾಗ ನಾನು ಎದ್ದು ನಿಂತು, ಶನಿವಾರ ನಮ್ಮ ಮಾವನ ಹತ್ತಿರ ಬನ್ನಿ, ಸ್ಕ್ರೂಡ್ರೈವರ್ ಇಟ್ಟು ನೋಡುತ್ತಾನೆ, ಜಾಸ್ತಿಯಾಗಿದ್ದರೆ ತಳದಿಂದ ಕಪ್ಪು ನೀರು ತೆಗೆದು ಹೊಸದು ಹಾಕುತ್ತಾನೆ ಎಂದು ಸಲಹೆ ಕೊಟ್ಟೆ. ತರಗತಿ ಅರ್ಧ ಗಂಟೆ ನಕ್ಕಿತು. ಅಂದಿನಿಂದ ಶಾಲೆ ಬಿಡುವವರೆಗೂ ನನ್ನ ಹೆಸರು ಡಾಕ್ಟರ್. ಈಗ ನನಗೆ ಇಪ್ಪತ್ತಾರು. ಮೂರಿ ಕಡಲಂಚಿನ ಒಂದು ಹೋಟೆಲಿನಲ್ಲಿ ಪ್ರವಾಸಿಗರಿಗೆ ಸ್ಕೂಟರ್ ಬಾಡಿಗೆಗೆ ಕೊಡುವ ಮೇಜಿನ ಹಿಂದೆ ಕೂರುತ್ತೇನೆ. ದಿನವಿಡೀ ಬೈಕಿನ ಬಗ್ಗೆ ಮಾತಾಡಿ, ಬೈಕಿನ ಬಗ್ಗೆ ಏನೂ ತಿಳಿಯದೆ ಸಂಬಳ ತೆಗೆದುಕೊಳ್ಳುವ ನೌಕರ ಈ ದ್ವೀಪದಲ್ಲಿ ನಾನೊಬ್ಬನೇ ಇರಬೇಕು.

ಮಾವ ಹದಿನೆಂಟನೇ ವಯಸ್ಸಿಗೆ ನ್ಯೂಜಿಲೆಂಡಿಗೆ ಹೋದವನು. ಟೊಕೊರೋವಾದಲ್ಲಿ ಹನ್ನೊಂದು ವರ್ಷ ಹಲಗೆ ಕೊಯ್ದು, ಎಡಗೈ ಕಿರುಬೆರಳಿನ ತುದಿಯನ್ನು ಅಲ್ಲೇ ಬಿಟ್ಟು, ಅಲ್ಲಿ ಸಿಕ್ಕಿದ ಅಕೈತಿಯನ್ನು ಕಟ್ಟಿಕೊಂಡು ವಾಪಸು ಬಂದ. ಅಕೈತಿ ಅತ್ತೆ ಮೂಲತಃ ಇಲ್ಲಿಯವಳೇ, ಮಾತಾವೇರಾದವಳು. ಊರಲ್ಲಿ ಸಿಗದ ಹುಡುಗಿಯನ್ನು ಎರಡು ಸಾವಿರ ಮೈಲಿ ಹೋಗಿ ಹಿಡಿದ ಎಂದು ಜನ ಆಡಿಕೊಳ್ಳುತ್ತಿದ್ದರು. ಆಮೇಲೆ ಮೂವತ್ತು ವರ್ಷ ಮಾವ ಕರೆಂಟ್ ಕಂಬ ಹತ್ತಿದ. ಕಂಬ ಹತ್ತುವವನಿಗೆ ಅಂದಾಜು ಎನ್ನುವ ಪದ ಗೊತ್ತಿರಬಾರದು ಎಂದು ಅವನು ಹೇಳುತ್ತಿದ್ದ. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ಮುಟ್ಟುವ ಮೊದಲು ಮೂರು ಸಲ ನೋಡುತ್ತಿದ್ದವನು, ನಿವೃತ್ತನಾದ ಮೇಲೂ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ನೋಡುತ್ತಿದ್ದ.

ಅವನ ಬೈಕು ಹತ್ತೊಂಬತ್ತು ವರ್ಷದ್ದು. ಉಪ್ಪುಗಾಳಿಗೆ ಅದರ ತಗಡೆಲ್ಲ ಎರಡು ಸಲ ತಿಂದುಹೋಗಿ ಎರಡು ಸಲ ಹೊಸದಾಗಿತ್ತು. ಎಂಜಿನ್ ಮಾತ್ರ ಹಳೆಯದೇ, ಯಾವ ಮೆಕ್ಯಾನಿಕ್ಕೂ ಮುಟ್ಟದ್ದು. ಮಾವನಿಗೆ ಕಿಲೋಮೀಟರಿನ ಲೆಕ್ಕ ಬೇಕಿರಲಿಲ್ಲ, ಸುತ್ತಿನ ಲೆಕ್ಕ. ದ್ವೀಪಕ್ಕೊಂದು ಸುತ್ತು ಅಂದರೆ ಮೂವತ್ತೆರಡು ಕಿಲೋಮೀಟರ್. ಮೂವತ್ತು ಸುತ್ತಿಗೊಮ್ಮೆ ಆಯಿಲ್ ಬದಲಿಸಬೇಕು. ಶೆಡ್ಡಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ.

ಅತ್ತೆಗೆ ಬೈಕು ಬರುವುದಿಲ್ಲ. ಹನ್ನೆರಡು ವರ್ಷದ ಹುಡುಗಿಯರೂ ಬೈಕು ಓಡಿಸುವ ಊರಲ್ಲಿ ಅವಳು ಕಲಿಯಲೇ ಇಲ್ಲ. ಎಲ್ಲಿಗೆ ಹೋದರೂ ಮಾವನ ಹಿಂದೆ, ಒಂದೇ ಕಡೆಗೆ ಕಾಲು ಬಿಟ್ಟುಕೊಂಡು, ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡು. ಆ ಟೋಪಿ ಅವಳೇ ಹೆಣೆದದ್ದು. ತೆಂಗಿನ ಎಳೆ ಸುಳಿಯನ್ನು ಕುದಿಸಿ, ಬಿಳುಪಾಗಿಸಿ, ದಾರದಷ್ಟು ಸಣ್ಣಗೆ ಸೀಳಿ ಹೆಣೆಯುವ ಬಿಳಿ ಟೋಪಿಗಳು. ಭಾನುವಾರ ಚರ್ಚಿನಲ್ಲಿ ಹೆಂಗಸರ ಸಾಲು ನೋಡಿದರೆ ಯಾವ ತಲೆಯ ಮೇಲಿನದು ಅತ್ತೆಯ ಕೈಯದು ಎಂದು ನಾನು ಕೂಡ ಹೇಳಬಲ್ಲೆ. ಬೈಕು ಹತ್ತುವಾಗ ಅವಳು ಎಲ್ಲಾ ಆಯ್ತಾ ಎಂದು ಕೇಳಬೇಕು, ಮಾವ ಆಯ್ತು ಎನ್ನಬೇಕು, ಆಮೇಲೇ ಕೂರುವುದು. ಕಂಬ ಹತ್ತುವವನ ಹೆಂಡತಿಯ ಅಭ್ಯಾಸ. ಮೂವತ್ತಾರು ವರ್ಷದಲ್ಲಿ ಅವನು ಒಂದು ಸಲವೂ ಇಲ್ಲ ಅಂದಿರಲಿಲ್ಲ, ಏಕೆಂದರೆ ಎಲ್ಲಾ ಆಗದೆ ಬೈಕನ್ನು ಅಂಗಳದಿಂದ ಹೊರಗೆ ತಂದಿರಲಿಲ್ಲ.

ಹೋದ ಜುಲೈನಲ್ಲಿ ಅತ್ತೆಯ ಅಕ್ಕ ಪೋಕೊ ಮಾತಾವೇರಾದಲ್ಲಿ ತೀರಿಕೊಂಡಳು. ಶುಕ್ರವಾರ ಹೋದಳು, ಸೋಮವಾರ ಹತ್ತಕ್ಕೆ ಮಣ್ಣು ಎಂದು ಗೊತ್ತಾಯಿತು. ತಾಯಿ ಸತ್ತ ಮೇಲೆ ಅತ್ತೆಯನ್ನು ಸಾಕಿದವಳು ಪೋಕೊ. ತಲೆ ಬಾಚುವುದರಿಂದ ಹಿಡಿದು ಟೋಪಿ ಹೆಣೆಯುವವರೆಗೆ ಎಲ್ಲ ಅವಳು ಕಲಿಸಿದ್ದೇ. ಅತ್ತೆ ಅಳಲಿಲ್ಲ. ಅಕ್ಕನ ತಲೆಗಿಡಲು ಒಂದು ಟೋಪಿ ಮುಗಿಸುತ್ತ ಕೂತಿದ್ದಳು.

ಶನಿವಾರ ಮಧ್ಯಾಹ್ನ ಮಾವ ಬೈಕಿನ ತಳದ ಬೋಲ್ಟು ಬಿಚ್ಚಿ ಹಳೆ ಆಯಿಲನ್ನು ತಗಡಿನ ಡಬ್ಬಕ್ಕೆ ಇಳಿಸಿದ. ಸೋಮವಾರ ಎರಡು ಮೂರು ಸಲ ಮಾತಾವೇರಾಕ್ಕೆ ಓಡಾಡಬೇಕಾಗಬಹುದು, ಸುತ್ತು ಇಪ್ಪತ್ತೊಂಬತ್ತಾಗಿದೆ, ಈಗಲೇ ಮಾಡಿಬಿಡುತ್ತೇನೆ ಅಂದ. ಹನಿ ನಿಲ್ಲುವವರೆಗೂ ಕಾದು ಬೋಲ್ಟು ಬಿಗಿದ. ಹೊಸ ಬಾಟಲಿ ಪಕ್ಕದಲ್ಲೇ ಇತ್ತು. ಅಷ್ಟರಲ್ಲಿ ಪೋಕೊಳ ಮಗನ ಪಿಕಪ್ಪು ರಸ್ತೆಯಲ್ಲಿ ಹಾರನ್ ಬಾರಿಸಿತು. ನಮ್ಮಲ್ಲಿ ಸತ್ತವರನ್ನು ಅವರವರ ಮನೆಯಂಗಳದಲ್ಲೇ ಹೂಳುತ್ತಾರೆ. ಮನೆಯ ಮುಂದೆ ಗುಂಡಿಯೇನೋ ತೋಡಿ ಆಗಿದೆ, ಒಳಗೋಡೆಗೆ ಕಾಂಕ್ರೀಟು ಹಾಕುವವರಿಲ್ಲ, ಕತ್ತಲಾಗುವ ಮೊದಲು ಮುಗಿಯಬೇಕು, ಬಾ ಎಂದ. ಭಾನುವಾರ ದೇವರ ದಿನ, ಸಲಿಕೆ ಮುಟ್ಟುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಹಾಕಿದರೆ ಆರುವುದಿಲ್ಲ. ಮಾವ ಕೈ ಒರೆಸಿಕೊಂಡು ಪಿಕಪ್ಪು ಹತ್ತಿದ.

ಇಲ್ಲಿ ನನ್ನ ಪಾತ್ರ ಬರುತ್ತದೆ. ಭಾನುವಾರ ಬೆಳಗಾಗುವಾಗ ಅಂಗಳದಲ್ಲಿ ಒಂದು ಸ್ಪ್ಯಾನರೂ ಬಿದ್ದಿರಬಾರದು ಎಂಬುದು ನಮ್ಮಲ್ಲಿ ಹೇಳಬೇಕಾದ ಮಾತೇ ಅಲ್ಲ. ಶನಿವಾರ ಸಂಜೆ ಎಲ್ಲ ಮನೆಯಲ್ಲೂ ಗುಡಿಸುತ್ತಾರೆ, ಎಲೆ ಸುಡುತ್ತಾರೆ, ಸಾಮಾನು ಒಳಗಿಡುತ್ತಾರೆ. ನಾನು ಮಾಮೂಲಾಗಿ ಆ ಹೊತ್ತಿಗೆ ಎಲ್ಲಾದರೂ ತಪ್ಪಿಸಿಕೊಂಡಿರುತ್ತೇನೆ. ಆ ದಿನ ಮನೆಯಲ್ಲಿ ಸಾವಾಗಿದೆ, ನಾನೂ ಏನಾದರೂ ಮಾಡಬೇಕು ಅನ್ನಿಸಿತು. ಹಳೆ ಆಯಿಲನ್ನು ಗೆದ್ದಲು ಹತ್ತಿದ ಬೇಲಿಗೂಟಗಳ ಬುಡಕ್ಕೆ ಸುರಿದೆ. ಸ್ಪ್ಯಾನರುಗಳನ್ನು ಒರೆಸಿ ಅದರದರ ಮೊಳೆಗೆ ತೂಗುಹಾಕಿದೆ. ಬಾಟಲಿಯನ್ನು ಶೆಡ್ಡಿನ ಮೇಲಿನ ಹಲಗೆಯ ಮೇಲೆ, ಉಳಿದ ಬಾಟಲಿಗಳ ಸಾಲಿನಲ್ಲಿ ಇಟ್ಟೆ. ಅದು ತುಂಬಿದೆಯೋ ಖಾಲಿಯೋ ಎಂದು ಕೈಗೆ ಗೊತ್ತಾಗಲಿಲ್ಲವೇ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡೆ. ಗೊತ್ತಾಗಿರಬೇಕು. ತಲೆಗೆ ತಲುಪಲಿಲ್ಲ. ಕೊನೆಗೆ ಬೈಕನ್ನೂ ತೊಳೆದೆ. ಅಷ್ಟು ಚೊಕ್ಕಟವಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಮಾವ ಕಾಂಕ್ರೀಟು ಮೆತ್ತಿದ ಕೈಕಾಲಿನಲ್ಲಿ ವಾಪಸು ಬಂದಾಗ ಅಂಗಳ ಗುಡಿಸಿತ್ತು, ಬೈಕು ಹೊಳೆಯುತ್ತಿತ್ತು. ಒಳ್ಳೇದಾಯ್ತು ಅಂದ. ಸ್ನಾನ ಮಾಡಿ, ಬೇಯಿಸಿದ ಕೆಸುಗಡ್ಡೆ ತಿಂದು ಮಲಗಿದ. ಭಾನುವಾರ ಎರಡು ಸಲ ಚರ್ಚು, ನಡುವೆ ಸಾವಿನ ಮನೆಯಲ್ಲಿ ಹಾಡು. ಎಲ್ಲ ಕಡೆಗೂ ಪಿಕಪ್ಪಿನಲ್ಲೇ ಹೋಗಿಬಂದೆವು.

ಸೋಮವಾರ ಒಂಬತ್ತಕ್ಕೆ ಅತ್ತೆ ಬಿಳಿ ಉಡುಪು ಹಾಕಿ, ಪೋಕೊಳ ಟೋಪಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೊರಗೆ ಬಂದಳು. ಎಲ್ಲಾ ಆಯ್ತಾ ಅಂದಳು. ಮಾವ ಆಯ್ತು ಅಂದ. ನಾನು ಕೆಲಸಕ್ಕೆ ಹೊರಟವನು ಅವರ ಹಿಂದೆಯೇ ಮೂರಿಯವರೆಗೆ ಹೋದೆ. ಅಷ್ಟರವರೆಗೂ ಆ ಬೈಕು ಮುಂದೆ ಓಡುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಹೋಟೆಲಿಗೆ ತಿರುಗಿ, ಜರ್ಮನ್ ದಂಪತಿಗೆ ಎಡಗಡೆಯಲ್ಲೇ ಓಡಿಸಿ, ಹೆಲ್ಮೆಟ್ ತೆಗೆಯಬೇಡಿ ಎಂದು ಉಪದೇಶ ಮಾಡುತ್ತಿರುವಾಗ ತೋಟದವನು ಬಂದು, ನಿಮ್ಮ ಮಾವ ಅವಾನಾ ಸೇತುವೆಯ ಆಚೆ ಬಿದ್ದಿದ್ದಾನೆ ಎಂದ.

ಎಂಜಿನ್ ಸೀಜ್ ಆಗಿ ಹಿಂದಿನ ಗಾಲಿ ಒಂದೇ ಏಟಿಗೆ ಹಿಡಿದುಕೊಂಡಿತ್ತು. ಮಾವನ ಮೊಣಕಾಲು ತರಚಿತ್ತು, ಅಷ್ಟೇ. ಒಂದೇ ಕಡೆಗೆ ಕಾಲು ಬಿಟ್ಟು ಕೂತ ಅತ್ತೆ ಕಲ್ಲಿನ ಮೇಲೆ ಬಲಗೈ ಊರಿ ಬಿದ್ದಿದ್ದಳು. ನಾನು ಹೋದಾಗ ಅವಳ ಮಣಿಕಟ್ಟು ಇರಬೇಕಾದ ದಿಕ್ಕಿನಲ್ಲಿರಲಿಲ್ಲ. ಅವಳು ಅದನ್ನು ನೋಡುತ್ತಿರಲಿಲ್ಲ. ಎಷ್ಟು ಗಂಟೆ ಎಂದು ಕೇಳಿದಳು. ಒಂಬತ್ತೂವರೆ ಅಂದೆ. ಹಾಗಾದರೆ ಟೈಮಿದೆ, ಮೊದಲು ಮಾತಾವೇರಾಕ್ಕೆ ಕರ್ಕೊಂಡು ಹೋಗು ಅಂದಳು. ಆಂಬುಲೆನ್ಸಿನ ನರ್ಸ್ ಒಪ್ಪಲಿಲ್ಲ. ಆಸ್ಪತ್ರೆ ದ್ವೀಪದ ಇನ್ನೊಂದು ಮಗ್ಗುಲಲ್ಲಿದೆ. ಗಾಡಿ ತಿರುಗಿ, ಅವರು ಬಂದ ದಾರಿಯಲ್ಲೇ ವಾಪಸು ಹೋಯಿತು.

ಸಾವಿನ ಮನೆಯಲ್ಲಿ ಒಂದು ಗಂಟೆ ಕಾದರು. ಆಕ್ಲೆಂಡಿನಿಂದ ಬಂದಿದ್ದ ನೆಂಟರಿಗೆ ವಿಮಾನವಿತ್ತು, ಮಳೆಯೂ ಹಿಡಿಯುವ ಹಾಗಿತ್ತು. ಹನ್ನೊಂದಕ್ಕೆ ಮಾವ ಕಟ್ಟಿದ ಗೋಡೆಗಳ ನಡುವೆ ಪೋಕೊಳನ್ನು ಇಳಿಸಿದರು. ಆ ಹೊತ್ತಿಗೆ ಅತ್ತೆಯ ಕೈಗೆ ಎಕ್ಸ್‌ರೇ ತೆಗೆಯುತ್ತಿದ್ದರು. ಟೋಪಿಯನ್ನು ನಾನೇ ಕೊಂಡುಹೋಗಿ ಕೊಟ್ಟೆ. ಒಂದು ಕಡೆ ಜಜ್ಜಿತ್ತು. ಯಾರೋ ಆ ಕಡೆಯನ್ನು ದಿಂಬಿನತ್ತ ತಿರುಗಿಸಿ ಇಟ್ಟರು.

ಸಂಜೆ ಮಾವ ಬೈಕನ್ನು ಅಂಗಳಕ್ಕೆ ತರಿಸಿ, ಆಯಿಲ್ ಅಳೆಯುವ ಕಡ್ಡಿಯನ್ನು ಬಿಚ್ಚಿ ಹಿಡಿದು ನೋಡಿದ. ಒಣಗಿತ್ತು, ಕಾವಿಗೆ ತುದಿ ನೀಲಿಯಾಗಿತ್ತು. ನಾನು ಶೆಡ್ಡಿಗೆ ಹೋಗಿ ಹಲಗೆಯ ಮೇಲಿನ ಬಾಟಲಿ ಎತ್ತಿದೆ. ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ಅದನ್ನು ತಂದು ಅವನ ಮುಂದೆ ಇಟ್ಟು, ಎತ್ತಿಟ್ಟವನು ನಾನು, ಹೊರಗೇ ಬಿಟ್ಟಿದ್ದರೆ ನಿನಗೆ ಕಾಣಿಸುತ್ತಿತ್ತು ಅಂದೆ. ಶನಿವಾರ ಸಂಜೆ ಎತ್ತಿಡಲೇಬೇಕು, ನೀನು ಮಾಡಿದ್ದು ಸರಿ ಎಂದ. ಅವನ ದನಿಯಲ್ಲಿ ಏನೂ ಇರಲಿಲ್ಲ. ಬೈದಿದ್ದರೆ ನಾನು ಆ ರಾತ್ರಿ ಅನ್ನ ತಿನ್ನುತ್ತಿದ್ದೆ.

ಕೇಳಿದವರಿಗೆಲ್ಲ ಮಾವ ಒಂದೇ ಮಾತು ಹೇಳಿದ: ಮರೆತೆ. ನನ್ನ ಹೆಸರು ಎಲ್ಲೂ ಬರಲಿಲ್ಲ. ನಾನೇ ಹೇಳಿಕೊಂಡು ತಿರುಗಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಭಾನುವಾರ ಪಾದ್ರಿಗಳು ಬೈಬಲಿನಲ್ಲಿ ಬರುವ ಎಣ್ಣೆ ತೀರಿದ ದೀಪಗಳ ಬಗ್ಗೆ ಉಪದೇಶ ಮಾಡಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಆದರೆ ಚರ್ಚಿನಲ್ಲಿ ಅರ್ಧ ತಲೆಗಳು ನಮ್ಮ ಬೆಂಚಿನ ಕಡೆ ತಿರುಗಿದವು, ಅದರಲ್ಲಿ ಅತ್ತೆ ಹೆಣೆದ ಟೋಪಿಗಳೇ ಹೆಚ್ಚು. ಶನಿವಾರಗಳಲ್ಲಿ ಅಂಗಳಕ್ಕೆ ಬರುವ ಬೈಕುಗಳು ಐದಾದವು, ಎರಡಾದವು, ಆಮೇಲೆ ಇಲ್ಲ.

ಅತ್ತೆಯ ಕೈ ಆರು ವಾರ ಪ್ಲಾಸ್ಟರಿನಲ್ಲಿತ್ತು. ಬಿಚ್ಚಿದ ಮೇಲೆ ಮಗ್ ಹಿಡಿಯಬಲ್ಲಳು, ಬಟ್ಟೆ ಹಿಂಡಲಾರಳು. ಸುಳಿಯ ಎಳೆಯನ್ನು ಬಿಗಿಯಾಗಿ ಎಳೆಯಲು ಮಣಿಕಟ್ಟು ತಿರುಗಬೇಕು. ಅದು ಮುಕ್ಕಾಲು ದಾರಿಯಲ್ಲಿ ನಿಲ್ಲುತ್ತಿತ್ತು. ಒಂದು ಟೋಪಿ ಶುರು ಮಾಡಿ, ಅಂಗೈಯಗಲ ಹೆಣೆದು, ಸಡಿಲವಾಗಿದೆ ಎಂದು ಬಿಚ್ಚಿದಳು. ಇನ್ನೊಂದು ಶುರು ಮಾಡಲಿಲ್ಲ. ಮಾವನ ಜೊತೆ ಜಗಳವಾಡಲಿಲ್ಲ. ಊಟಕ್ಕೆ ಬಾ, ಮೀನು ತಂದೆಯಾ, ಛಾವಣಿ ಸೋರುತ್ತಿದೆ, ಎಲ್ಲ ಮಾತೂ ಇತ್ತು.

ಮಾವ ಆಕ್ಲೆಂಡಿನಿಂದ ಹೊಸ ಸಿಲಿಂಡರು, ಪಿಸ್ಟನ್ ತರಿಸಿ, ಜಗಲಿಯ ಮೇಲೆ ಹಳೆ ಹಾಸಿಗೆಬಟ್ಟೆ ಹಾಸಿ, ಎಂಜಿನ್ ಬಿಚ್ಚಿ ಕಟ್ಟಿದ. ಮೂರು ವಾರ ಹಿಡಿಯಿತು. ಮುಗಿದ ದಿನ ಬೈಕನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, ಅತ್ತೆ ನೋಡುತ್ತಿರುವಾಗಲೇ ಕಡ್ಡಿ ತೆಗೆದು, ಒರೆಸಿ, ಅದ್ದಿ, ಎತ್ತಿ ತೋರಿಸಿದ. ಅತ್ತೆ ಚೀಲ ಹೆಗಲಿಗೆ ಹಾಕಿಕೊಂಡು ಅವನನ್ನು ದಾಟಿ ರಸ್ತೆಗೆ ಹೋಗಿ ಬಸ್ಸಿಗೆ ಕೈ ಎತ್ತಿದಳು.

ನಮ್ಮಲ್ಲಿ ಬಸ್ಸಿರುವುದು ಪ್ರವಾಸಿಗರಿಗೆ, ಮತ್ತೆ ಶಾಲೆ ಮಕ್ಕಳಿಗೆ. ಒಂದು ಎಡಗಡೆಯಿಂದ ದ್ವೀಪ ಸುತ್ತುತ್ತದೆ, ಒಂದು ಬಲಗಡೆಯಿಂದ. ತಿತಿಕಾವೇಕಾದ ಹೆಂಗಸೊಬ್ಬಳು ಗಂಡನ ಬೈಕು ಅಂಗಳದಲ್ಲಿ ನಿಂತಿರುವಾಗ ಬಸ್ಸು ಹತ್ತುವುದೆಂದರೆ ಊರಿಗೆಲ್ಲ ಕಾಗದ ಬರೆದು ಹಂಚಿದ ಹಾಗೆ. ಮಾವ ಬೈಕು ಹತ್ತಿ ಬಸ್ಸಿನ ಹಿಂದೆ ಹೋದ. ಪೇಟೆಯವರೆಗೂ ಹೋದ, ಬಸ್ಸು ನಿಂತಲ್ಲೆಲ್ಲ ನಿಂತ. ಅತ್ತೆ ಅಂಗಡಿಗೆ ಹೋದರೆ ಹೊರಗೆ ಕಾದ. ಅವಳ ಸಾಮಾನಿನ ಚೀಲ ಮಾತ್ರ ಬೈಕಿನ ಮುಂದಿನ ಬುಟ್ಟಿಗೆ ಬರುತ್ತಿತ್ತು, ಅವಳು ಬಸ್ಸಿಗೆ. ಎರಡು ತಿಂಗಳು ಇದೇ ಆಯಿತು. ಬಸ್ಸಿನ ಚಾಲಕ ಕೋರೊ ಒಂದು ದಿನ ಕಿಟಕಿಯಿಂದ ತಲೆ ಹಾಕಿ ಮಾವನಿಗೆ, "ಪ್ರಧಾನಿ ಬಂದಾಗ್ಲೂ ಇಷ್ಟು ಬೆಂಗಾವಲು ಕೊಡಲ್ಲಪ್ಪ, ನನ್ನ ಬಸ್ಸಲ್ಲಿ ಏನಿದೆ ಅಂತ ಹಿಂದೆ ಬರ್ತೀಯ?" ಎಂದು ಕೇಳಿದನಂತೆ. ಮಾವ, ನಿನ್ನ ಬಸ್ಸು ಹೊಗೆ ಜಾಸ್ತಿ ಬಿಡ್ತಿದೆ, ತೋರಿಸು ಎಂದಷ್ಟೇ ಹೇಳಿದನಂತೆ.

ನಾನು ಸಹಿಸಲಾರದೆ ಒಂದು ಬೆಳಿಗ್ಗೆ ಅತ್ತೆಯ ಮುಂದೆ ಕೂತು ಎಲ್ಲ ಒಪ್ಪಿಸಿದೆ. ಬಾಟಲಿ, ಡಬ್ಬ, ತೊಳೆದ ಬೈಕು. ಎಲ್ಲ ಮುಗಿದ ಹಾಗೆ ಕಾಣುವಂತೆ ಮಾಡಿದವನು ನಾನೇ ಎಂದೆ. ಅವಳು ಬ್ರೆಡ್ಡಿಗೆ ಎಡಗೈಯಲ್ಲಿ ಬೆಣ್ಣೆ ಸವರುತ್ತಿದ್ದಳು.

"ಗೊತ್ತು ಕಣೋ. ನೀನು ಪೊರಕೆ ಹಿಡಿದಿದ್ದನ್ನ ಕಿಟಕೀಲಿ ನೋಡಿ, ಇವನಿಗೆ ಜ್ವರ ಬಂದಿದ್ಯಾ ಅಂದ್ಕೊಂಡೆ."

"ಹಾಗಾದ್ರೆ ಮಾವನ ಮೇಲೆ ಯಾಕತ್ತೆ ಸಿಟ್ಟು? ಮರೆತ, ಅಷ್ಟೇ ತಾನೆ?"

"ಮರೆತಿದ್ದಕ್ಕೆ ಯಾರು ಸಿಟ್ಟಾದ್ರು? ನಾನು ಒಲೆ ಮೇಲೆ ಪಾತ್ರೆ ಇಟ್ಟು ಎಷ್ಟು ಸಲ ಮರೆತಿಲ್ಲ." ಚಾಕು ಕೆಳಗಿಟ್ಟಳು. "ಅವನು ಆಯ್ತು ಅಂದ. ಆ ಮಾತಿನ ಮೇಲೆ ನಾನು ಕೂತಿದ್ದು, ಸೀಟಿನ ಮೇಲಲ್ಲ. ಈಗ ಕಡ್ಡಿ ತೋರಿಸ್ತಾನೆ. ಕಡ್ಡಿ ನೋಡೋಕೆ ನಂಗೇನು ಬರುತ್ತೆ?"

ಇದನ್ನು ಮಾವನಿಗೆ ಹೇಳಬೇಕೋ ಬೇಡವೋ ಎಂದು ನಾನು ಒಂದು ವಾರ ಯೋಚಿಸಿದೆ. ಯೋಚಿಸುವುದು ನನಗೆ ಕೆಲಸ ಮಾಡುವುದಕ್ಕಿಂತ ಸುಲಭ. ಕೊನೆಗೆ ಹೇಳಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಒಂದು ರಜೆಯ ದಿನ ಪೋಕೊಳ ಗೋರಿಗೆ ಸುಣ್ಣ ಬಳಿಯುವುದಿತ್ತು. ಅಕ್ಕ ಮಣ್ಣಾದ ಮೇಲೆ ಅತ್ತೆ ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಯಾರೂ ಯಾಕೆಂದು ಕೇಳಿರಲಿಲ್ಲ. ಆ ದಿನ ಹೂವಿನ ಬುಟ್ಟಿ ಹಿಡಿದು ರಸ್ತೆಯ ಬದಿಯಲ್ಲಿ ನಿಂತಳು. ರಜೆ, ಬಸ್ಸಿಲ್ಲ ಎನ್ನುವುದು ಅವಳಿಗೆ ನೆನಪಿರಲಿಲ್ಲ. ಅರ್ಧ ಗಂಟೆ ನಿಂತಿದ್ದನ್ನು ನಾನು ಜಗಲಿಯಿಂದ ನೋಡಿ, ನನ್ನ ಸ್ಕೂಟರ್ ತಂದು, ಹತ್ತು ಅತ್ತೆ ಅಂದೆ. ನಿನ್ನ ಹಿಂದೆ ಕೂರೋದಕ್ಕಿಂತ ನಡ್ಕೊಂಡು ಹೋಗ್ತೀನಿ ಅಂದಳು. ನ್ಯಾಯವಾಗಿತ್ತು.

ಆಗ ಮಾವ ಬೈಕು ತಳ್ಳಿಕೊಂಡು ಬಂದ. ಸ್ಟಾರ್ಟ್ ಮಾಡಿರಲಿಲ್ಲ. ಅವಳ ಪಕ್ಕದಲ್ಲಿ ನಿಲ್ಲಿಸಿ, ಇವತ್ತು ಬಸ್ಸಿಲ್ಲ ಎಂದ. ಅವಳು ಸೀಟು ನೋಡಿದಳು, ರಸ್ತೆ ನೋಡಿದಳು. ಮಾತಾವೇರಾ ಹತ್ತು ಕಿಲೋಮೀಟರ್. ಬುಟ್ಟಿಯ ಹೂವು ಆಗಲೇ ಬಾಡಲು ಶುರುವಾಗಿತ್ತು. ನಾನು ಅಲ್ಲಿರಬಾರದಾಗಿತ್ತು, ಆದರೆ ಸ್ಕೂಟರ್ ತಿರುಗಿಸಲು ಅವರಿಬ್ಬರೂ ಅಡ್ಡ ಇದ್ದರು.

"ಮತಾಯೊ," ಅಂದಳು ಅತ್ತೆ, "ಒಂದು ಕೇಳ್ತೀನಿ. ಮರೆತೆ ಅಂತ ಮಾತ್ರ ಹೇಳಬೇಡ, ಅದನ್ನ ಊರೆಲ್ಲ ಕೇಳಿಯಾಗಿದೆ. ಆ ಸೋಮವಾರ ಆಯ್ತು ಅಂದ್ಯಲ್ಲ, ಆಗ ನಿಂಗೆ ಆಯ್ತು ಅಂತ ಗೊತ್ತಿತ್ತಾ?"

ಮಾವ ಹ್ಯಾಂಡಲಿನಿಂದ ಕೈ ತೆಗೆಯಲಿಲ್ಲ.

"ಗೊತ್ತಿರಲಿಲ್ಲ. ಹಾಕಿದ್ನೋ ಇಲ್ವೋ ಅಂತ ಅನುಮಾನ ಬಂದಿತ್ತು. ಬಿಳಿ ಅಂಗಿ ಹಾಕಿದ್ದೆ, ಕೊಳೆ ಆಗುತ್ತೆ ಅಂತ ಬಗ್ಗಿ ನೋಡಲಿಲ್ಲ."

ಅತ್ತೆ ಹೂವಿನ ಬುಟ್ಟಿಯನ್ನು ಬೈಕಿನ ಮುಂದಿನ ಬುಟ್ಟಿಗಿಟ್ಟು, ಎಲ್ಲಾ ಆಯ್ತಾ ಎಂದು ಕೇಳಿದಳು.